ಹಿಮ್ಮಡಿ ಹೊಲಿಯದ ಮೆಟ್ಟು

ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಜೊತೆ ಮೆಟ್ಟುಗಳಿದ್ದವು. ಉಣ್ಣೆ ಒತ್ತಿ ಮಾಡಿದ ಬೂದು ಬಣ್ಣದ ಫೆಲ್ಟ್ ಬಟ್ಟೆಯವು. ತುದಿ ಒಳಮನೆಯ ಕಡೆಗೆ, ಹಿಮ್ಮಡಿ ಬೀದಿಯ ಕಡೆಗೆ. ಹಿಮ್ಮಡಿಯ ಪಟ್ಟಿಗಳನ್ನು ಯಾರೂ ಹೊಲಿದಿರಲಿಲ್ಲ. ಅವು ಎರಡೂ ಬದಿಗೆ ಬಿಚ್ಚಿಕೊಂಡಿದ್ದವು, ಒಂದೊಂದರಲ್ಲೂ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡು ನಿಂತಿತ್ತು. ಅಪ್ಪ ತೀರಿಕೊಂಡ ಮೇಲೆ ನಾನು ಅಕ್ಕನ ಮನೆಗೆ ಬಂದ ದಿನ ಮೊದಲು ಕಣ್ಣಿಗೆ ಬಿದ್ದದ್ದು ಅವೇ. ಯಾರೋ ಅರ್ಧಕ್ಕೆ ಬಿಟ್ಟ ಕೆಲಸ, ಮುಗಿಸಿಬಿಡೋಣ ಎಂದು ಸೂಜಿಗೆ ಕೈ ಹಾಕಿದೆ. ಒಳಗಿನಿಂದ ಅಕ್ಕ ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು.

"ಮುಟ್ಬೇಡ ಕಣೇ. ಅದು ಅವರದು."

'ಅವರು' ಎಂದರೆ ಅಕ್ಕ ವಾರಿಜಳ ಗಂಡ, ಶ್ರೀಪತಿ ಭಾವ. ಉಪ್ಪಿನ ವ್ಯಾಪಾರಕ್ಕೆಂದು ಕಡಲ ಕಡೆಗೆ ಹೋದವರು ಹಿಂದಿರುಗಿರಲಿಲ್ಲ. ವರ್ಷಗಳೇ ಕಳೆದಿದ್ದವು, ಒಂದು ಸುದ್ದಿಯೂ ಇರಲಿಲ್ಲ. ಮನೆಯಲ್ಲಿ ಉಳಿದಿದ್ದವರು ಅಕ್ಕ ಮತ್ತು ಅವಳ ಅತ್ತೆ ಪುಟ್ಟತಾಯಮ್ಮ.

ಆ ಊರು ಚಳಿಯದು, ಮನೆಗಳಿಗೆಲ್ಲ ಕಲ್ಲಿನ ನೆಲ. ಹಾಗಾಗಿ ಮನೆಮನೆಯಲ್ಲೂ ಫೆಲ್ಟಿನ ಕೆಲಸ ನಡೆಯುತ್ತಿತ್ತು. ಆ ಬಟ್ಟೆಯ ಗುಣ ಬಲು ಒಳ್ಳೆಯದು: ಎಲ್ಲಿ ಕತ್ತರಿಸಿದರೂ ನೂಲು ಬಿಡುವುದಿಲ್ಲ, ಅಂಚು ಮಡಚುವ ಗೋಜಿಲ್ಲ. ಸೂಜಿ ಚುಚ್ಚಿಡಲು ಮೆತ್ತೆ, ಕೂಸಿಗೆ ಗುಬ್ಬಚ್ಚಿ, ಬಿಸಿನೀರಿನ ಚೆಂಬಿಗೆ ಕುಲಾವಿ, ಹೀಗೆ ತೋಚಿದ್ದನ್ನೆಲ್ಲ ಹೆಂಗಸರು ಹೊಲಿಯುತ್ತಿದ್ದರು. ಮನೆಯೊಳಗೆ ಹಾಕಿಕೊಳ್ಳುವ ಮೆಟ್ಟಂತೂ ಇನ್ನೂ ಸುಲಭ. ಕಾಗದದ ಮೇಲೆ ಕಾಲಿಟ್ಟು, ಇದ್ದಿಲಿನಿಂದ ಸುತ್ತಲೂ ಗೀಚಿ, ಆ ಅಳತೆಗೆ ತಳ ಕತ್ತರಿಸಿ, ಮೇಲೆ ಹೊದಿಕೆ ಕೂರಿಸಿ, ಅಂಚಿಗೆ ಕಾಜಾ ಹೊಲಿಗೆ ಹಾಕಿದರೆ ಮುಗಿಯಿತು. ನನ್ನಂಥ ಸೋಮಾರಿಗೂ ಅದು ಒಂದು ಮಧ್ಯಾಹ್ನದ ಕೆಲಸ.

ಊರು ಬಿಟ್ಟು ದೂರ ಹೋದವರ ಮೆಟ್ಟಿಗೆ ಮಾತ್ರ ಬೇರೆಯದೇ ಕಟ್ಟಳೆ. ಎಡಗಾಲಿನದನ್ನು ತಾಯಿ ಹೊಲಿಯಬೇಕು, ಬಲಗಾಲಿನದನ್ನು ಹೆಂಡತಿ. ಹಿಮ್ಮಡಿಯನ್ನು ಹಾಗೇ ಬಿಡಬೇಕು. ಹೋದವನು ಬಂದು ಕಾಲು ತೂರಿಸಿದ ಮೇಲೆಯೇ ಅಲ್ಲಿಗೆ ಹೊಲಿಗೆ. ಇನ್ನು ಬರುವುದಿಲ್ಲ ಎಂದು ಮನೆಯವರು ಒಪ್ಪಿಕೊಂಡರೆ, ಖಾಲಿ ಮೆಟ್ಟಿನ ಹಿಮ್ಮಡಿಯನ್ನೇ ಹೊಲಿದು, ತುದಿಯನ್ನು ಬೀದಿಗೆ ತಿರುಗಿಸಿ ಹೊಸಿಲಿನ ಹೊರಗಿಡುತ್ತಾರೆ. ಆಮೇಲೆ ಆ ಹೆಂಡತಿ ಬೇರೆ ಮದುವೆಯಾದರೂ ಊರಿನಲ್ಲಿ ಯಾರೂ ಚಕಾರ ಎತ್ತುವುದಿಲ್ಲ.

ಅಕ್ಕನ ಮನೆಯ ಮೆಟ್ಟುಗಳು ಹೊಲಿಗೆಯಿಲ್ಲದೆ ಉಳಿದದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಕೇಳಿದಾಗ ನನಗೆ ನಗು ಬಂದಿತ್ತು. ಅವು ಸವೆಯುತ್ತಿದ್ದವು.

"ನೋಡಿಲ್ಲಿ, ಹೆಬ್ಬೆರಳ ಜಾಗ," ಎಂದು ಅತ್ತೆ ಒಂದನ್ನು ಮಗುಚಿ ತೋರಿಸಿದ್ದರು. ತಳದ ಬಟ್ಟೆ ಅಲ್ಲಿ ತೆಳ್ಳಗಾಗಿ, ಜುಂಗು ಎದ್ದಿತ್ತು. "ಎರಡು ಸಲ ಹೊಸ ತಳ ಹಾಕಿದೀವಿ. ಮತ್ತೆ ಸವೆದಿದೆ. ನನ್ನ ಮಗ ನಡೀತಾ ಇದಾನೆ ಕಣಮ್ಮ, ಎಲ್ಲೋ ನಡೀತಾ ಇದಾನೆ."

ಅವರು ಹೊಲಿಗೆಯ ಸಂದನ್ನು ಬೆರಳಿನಿಂದ ಒತ್ತಿದರು. ನಾಲ್ಕಾರು ಕಾಳು ಬಿಳಿ ಮರಳು ಅಂಗೈಗೆ ಉದುರಿತು. ಆ ಊರಿನ ಮಣ್ಣು ಕಡುಗೆಂಪು. ಹೊಳೆಯಿಲ್ಲ, ಕೆರೆಯ ದಂಡೆಯಲ್ಲೂ ಮರಳಿಲ್ಲ. ನಾನು ನಗುವುದನ್ನು ನಿಲ್ಲಿಸಿದೆ, ಆದರೆ ನಂಬಲಿಲ್ಲ. ಬಟ್ಟೆಯನ್ನು ನುಸಿ ತಿನ್ನಬಹುದು, ಇಲಿ ಕಡಿಯಬಹುದು. ತಾನಾಗಿ ಎದ್ದು ನಡೆದು ಸವೆಯುವ ಬಟ್ಟೆಯನ್ನು ನಾನಂತೂ ಕಂಡಿರಲಿಲ್ಲ. ಹಾಗಿದ್ದೂ ಗೂಡಿನ ಮುಂದೆ ಹಾದುಹೋಗುವಾಗ ನನ್ನ ಹೆಜ್ಜೆ ಚುರುಕಾಗುತ್ತಿತ್ತು. ಬಿಚ್ಚಿಕೊಂಡ ಆ ಹಿಮ್ಮಡಿಗಳನ್ನು ಬೆನ್ನ ಹಿಂದೆ ಬಿಡುವುದು ನನಗೆ ಹಿಡಿಸುತ್ತಿರಲಿಲ್ಲ.

ನೂಲಿನ ಅಂಗಡಿಯ ನರಹರಿ ಇಲ್ಲದಿದ್ದರೆ ಇದೆಲ್ಲ ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ. ನಾವು ಫೆಲ್ಟ್, ದಾರ, ಗುಂಡಿ ಕೊಳ್ಳುತ್ತಿದ್ದುದು ಅವನಲ್ಲೇ. ನಡುವಯಸ್ಸು ಹತ್ತಿರವಾಗಿದ್ದರೂ ಮದುವೆಯಾಗಿರಲಿಲ್ಲ. ಅಕ್ಕ ಹೋದಾಗ ಅವನು ಬಟ್ಟೆಯನ್ನು ಅಳತೆಗಿಂತ ಒಂದು ಗೇಣು ಹೆಚ್ಚಾಗಿಯೇ ಕತ್ತರಿಸುತ್ತಿದ್ದ. ನಾನು ಹೋದರೆ ಎಳೆದು ಹಿಡಿದು ಸರಿಯಾಗಿ ಕತ್ತರಿಸುತ್ತಿದ್ದ. ಅಷ್ಟರಿಂದಲೇ ನನಗೆ ವಿಷಯ ತಿಳಿದಿತ್ತು. ಒಂದು ದಿನ ಅವನೇ ಬಾಯಿಬಿಟ್ಟ.

"ಈ ಸುಗ್ಗಿ ಮುಗಿದ್ಮೇಲೆ ಅಂಗಡಿ ಎತ್ತಿಬಿಡ್ತೀನಿ. ತಮ್ಮನ ಊರಿಗೆ ಹೋಗ್ತೀನಿ. ನಿಮ್ಮಕ್ಕ ಬರೋದಾದ್ರೆ ಮದುವೆ ಮಾಡ್ಕೊಂಡು ಕರ್ಕೊಂಡು ಹೋಗ್ತೀನಿ. ಬರಲ್ಲ ಅಂದ್ರೂ ಬೇಜಾರಿಲ್ಲ. ಆದ್ರೆ ಅವರ ಬಾಯಿಂದ ಕೇಳ್ಬೇಕು."

ಅಕ್ಕನಿಗೆ ಹೇಳಿದೆ. ಅವಳು ಹೊಲಿಯುತ್ತಿದ್ದ ಗುಬ್ಬಚ್ಚಿಯನ್ನು ಮಡಿಲಲ್ಲಿಟ್ಟುಕೊಂಡಳು. ಮುಖದಲ್ಲಿ ಬಂದ ಆಸೆಯನ್ನು ನಾನು ಕಂಡೆ. ಅದು ಆರಿಹೋದದ್ದನ್ನೂ ಕಂಡೆ.

"ಮೆಟ್ಟು ಸವೀತಿದೆಯಲ್ಲೇ," ಎಂದಳು. "ಹೊಲಿಯೋದು ಹೇಗೆ?"

ನನಗೆ ಮೈಯೆಲ್ಲ ಉರಿಯಿತು. ಈ ಮನೆಯಲ್ಲಿ ಯಾರೋ ಆಟ ಕಟ್ಟಿದ್ದಾರೆ, ಆ ಆಟಕ್ಕೆ ನನ್ನ ಅಕ್ಕನ ಬಾಳು ಬಲಿಯಾಗುತ್ತಿದೆ ಎನಿಸಿತು. ಯಾರೋ ಎಂದರೆ ಇನ್ಯಾರು? ಸೊಸೆ ಕೈಬಿಟ್ಟು ಹೋದಾಳೆಂಬ ಭಯದಿಂದ ಮುದುಕಿಯೇ ಮಾಡುತ್ತಿರಬೇಕು ಎಂದು ತೀರ್ಮಾನಿಸಿದೆ. ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಎರಡೂ ಮೆಟ್ಟುಗಳ ಒಳಗೆ ಉದುರಿಸಿ, ಬೆರಳಿನಿಂದ ಹರಡಿದೆ. ಪತ್ತೇದಾರಿಕೆ ಮಾಡುವ ಖುಷಿ ನನಗೆ ಇದ್ದೇ ಇತ್ತು, ಸುಳ್ಳೇಕೆ ಹೇಳಲಿ.

ಮಾರನೆಯ ದಿನ ಬೆಳಗ್ಗೆ ಹಜಾರದ ನೆಲವನ್ನೆಲ್ಲ ನೋಡಿದೆ. ಏನೂ ಇರಲಿಲ್ಲ. ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅಕ್ಕ ಹಿತ್ತಲಿನಲ್ಲಿ ಕಾಲು ತೊಳೆಯುತ್ತಿದ್ದಳು. ಕಲ್ಲಿನ ಮೇಲೆ ಹರಿದ ನೀರು ನೀಲಿಯಾಗಿತ್ತು.

ನಾನು ಅಲ್ಲೇ ನಿಂತುಬಿಟ್ಟೆ. ಅಕ್ಕ ತಿರುಗಿ ನೋಡಿದಳು, ತನ್ನ ಪಾದ ನೋಡಿಕೊಂಡಳು, ಮುಖ ಬಿಳಿಚಿತು.

"ನೀನಾ?" ಎಂದೆ. "ನೀನೇ ಹಾಕ್ಕೊಂಡು ಓಡಾಡಿ ಸವೆಸ್ತಿರೋದಾ? ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೊಂಡ್ಯಲ್ಲೇ, ಯಾಕೆ?"

"ಮೆಲ್ಲಗೆ ಮಾತಾಡು," ಎಂದಳು ಅಕ್ಕ. "ಅತ್ತೆ ಹಾಸಿಗೆ ಹಿಡಿದುಬಿಟ್ಟಿದ್ರು. ಅನ್ನ ಮುಟ್ತಿರ್ಲಿಲ್ಲ. ಒಂದಿನ ಮೆಟ್ಟು ಸವೆದಿರೋದು ನೋಡಿ ಎದ್ದು ಕೂತ್ರು. ಆಮೇಲೆ ಸವೆಸೋದು ನಿಲ್ಲಿಸೋಕೆ ಆಗ್ಲಿಲ್ಲ. ನಿಲ್ಲಿಸಿದ್ರೆ ಅವರು ಉಳಿಯಲ್ಲ ಕಣೆ."

ನಾನು ಅವಳ ಮಾತು ಪೂರ್ತಿ ಕೇಳದೆ ಒಳಗೆ ನಡೆದೆ. ಇದಕ್ಕೊಂದು ಕೊನೆ ಹಾಡಲೇಬೇಕಿತ್ತು. ಅಷ್ಟರಲ್ಲಿ ಅತ್ತೆ ಎದ್ದು, ಜಗಲಿಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅವರ ಎರಡೂ ಅಂಗಾಲುಗಳು ನೀಲಿಯಾಗಿದ್ದವು.

ನನ್ನ ಹಿಂದೆಯೇ ಬಂದಿದ್ದ ಅಕ್ಕನೂ ಅದನ್ನು ನೋಡಿದಳು. ಅತ್ತೆ ಅಕ್ಕನ ಒದ್ದೆ ಪಾದಗಳನ್ನು ನೋಡಿದರು. ಮೊದಲು ನಕ್ಕವರು ಅತ್ತೆ. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇನ್ನೂ ಕೋಳಿ ಕೂಗೋ ಮುಂಚೆ ಎದ್ದು ಹಾಕ್ಕೋತಿದ್ದೆ," ಎಂದರು. "ನೀನು ಹಗಲೆಲ್ಲ ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ಎಲ್ಲಿ ಬಾವಿ ಗೀವಿ ನೋಡ್ಕೋತೀಯೋ ಅಂತ ಹೆದರ್ಕೊಂಡೆ. ಅವನು ನಡೀತಿದಾನೆ ಅಂದ್ರೆ ನೀನೂ ಬದುಕಿರ್ತೀಯಲ್ಲ ಅಂತ."

"ನಾನೂ ನಿಮಗೋಸ್ಕರಾನೇ ಅತ್ತೆ," ಎಂದು ಅಕ್ಕ ಅವರ ಪಕ್ಕದಲ್ಲಿ ಕುಸಿದಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದುಕೊಂಡು, ಒಬ್ಬರನ್ನೊಬ್ಬರು ಉಳಿಸಲು ಒಂದೇ ಸುಳ್ಳನ್ನು ಸರದಿಯಲ್ಲಿ ಹೇಳಿದ್ದರು. ಎಂಥ ಹುಚ್ಚು ಹೆಂಗಸರಪ್ಪಾ ಎನಿಸಿತು.

ಅಳು ಇಳಿದ ಮೇಲೆ ಅಕ್ಕ ಮೂಗೊರೆಸಿಕೊಂಡು ಕೇಳಿದಳು:

"ಅಲ್ಲ ಅತ್ತೆ, ಆ ಬಿಳಿ ಮರಳು ಎಲ್ಲಿಂದ ತರ್ತಿದ್ರಿ?"

ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು.

"ನಾನ್ಯಾಕೆ ತರ್ಲಿ? ಅದು ನೀನು ಹಾಕ್ತಿದ್ದಿದ್ದಲ್ವಾ?"

ಜಗಲಿಗೆ ಒಳ್ಳೆಯ ಬಿಸಿಲು ಬಿದ್ದಿತ್ತು. ನಾವು ಮೂವರೂ ಒಟ್ಟಿಗೆ ತಲೆಯೆತ್ತಿ ಗೂಡಿನ ಕಡೆ ನೋಡಿದೆವು. ಮೆಟ್ಟುಗಳು ಇದ್ದ ಹಾಗೇ ಇದ್ದವು. ಅತ್ತೆ ಎದ್ದು ಹೋಗಿ ಅವನ್ನು ತಂದು, ಮೊರದ ಮೇಲೆ ಮಗುಚಿ ಕೊಡವಿದರು. ನೀಲಿ ಪುಡಿಯ ಜೊತೆಗೆ ಮರಳು ಉದುರಿತು. ಮುಂಚಿನಂತೆ ನಾಲ್ಕಾರು ಕಾಳಲ್ಲ, ಒಂದು ಹಿಡಿಯಷ್ಟು. ಮುಟ್ಟಿದರೆ ಹಸಿಯಾಗಿತ್ತು. ಉಪ್ಪಿನ ವಾಸನೆ ಬಂತು.

"ಅವರು ನಿಜವಾಗ್ಲೂ ನಡೀತಿದ್ರೆ?" ಅಕ್ಕನ ದನಿ ಕೇಳಿಸದಷ್ಟು ಸಣ್ಣಗಿತ್ತು.

ಅತ್ತೆ ಆ ಮರಳನ್ನೇ ನೋಡುತ್ತಾ ಕೂತಿದ್ದರು. ಆ ಹೊತ್ತಿನ ಅವರ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ತಾನು ಕಟ್ಟಿದ ಸುಳ್ಳು ನಿಜವಾಗಿ ಎದುರಿಗೆ ಬಂದು ಕೂತಿತ್ತು. ಬೇಕೆಂದರೆ ಹಿಡಿದುಕೊಳ್ಳಬಹುದಿತ್ತು. ಮಗನನ್ನೂ, ಸೊಸೆಯನ್ನೂ, ಇಬ್ಬರನ್ನೂ.

"ನಡೀಲಿ," ಎಂದರು ಕೊನೆಗೆ. "ಬದುಕಿ ನಡೀತಿದಾನೋ, ಸತ್ತು ನಡೀತಿದಾನೋ, ನಂಗೊತ್ತಿಲ್ಲ. ಇಷ್ಟು ವರ್ಷ ನಡೆದೋನು ಮನೆಗೆ ಬರ್ಲಿಲ್ಲ. ಅವನು ನಡೀತಾನೆ ಅಂತ ನೀನ್ಯಾಕೆ ನಿಂತಿರ್ಬೇಕು ವಾರಿಜಾ? ಸೂಜಿ ತಗೋ."

ನರಹರಿಯ ವಿಷಯ ಅವರಿಗೆ ಯಾರು ಹೇಳಿದ್ದರೋ ತಿಳಿಯದು. ಅಳತೆಗಿಂತ ಹೆಚ್ಚಾಗಿ ಬರುತ್ತಿದ್ದ ಬಟ್ಟೆ ಅವರ ಕಣ್ಣಿಗೂ ಬಿದ್ದಿರಬೇಕು.

ಎಡಗಾಲಿನದನ್ನು ಅತ್ತೆ ಹೊಲಿದರು, ಬಲಗಾಲಿನದನ್ನು ಅಕ್ಕ. ಸೂಜಿಗಳು ತುಕ್ಕು ಹಿಡಿದು ಬಟ್ಟೆಯಲ್ಲಿ ತೊಡರುತ್ತಿದ್ದವು. ಅಕ್ಕನ ಕೈ ಎರಡು ಸಲ ನಿಂತಿತು. ಎರಡು ಸಲವೂ ಅತ್ತೆ ಕಾದರು. ಗಂಟು ಹಾಕಿ ದಾರ ಕಡಿದ ಮೇಲೆ, ಮೆಟ್ಟುಗಳ ತುದಿಯನ್ನು ಬೀದಿಗೆ ತಿರುಗಿಸಿ ಹೊಸಿಲಿನ ಹೊರಗಿಟ್ಟೆವು. ನಮ್ಮಲ್ಲಿ ಯಾರನ್ನು ಕಳಿಸುವಾಗಲೂ 'ಹೋಗಿ ಬಾ' ಎನ್ನುತ್ತೇವೆಯೇ ಹೊರತು ಬರೀ 'ಹೋಗು' ಎನ್ನುವುದಿಲ್ಲ. ಅತ್ತೆ ಬಗ್ಗಿ, ಮಗನ ತಲೆ ನೇವರಿಸುವ ಹಾಗೆ ಆ ಫೆಲ್ಟನ್ನು ನೇವರಿಸಿ, "ಹೋಗು ಮಗಾ," ಎಂದರು. ಅಷ್ಟೇ ಅಂದರು.

ಮರುದಿನ ಬೆಳಕು ಹರಿಯುವಾಗ ಬಾಗಿಲು ತೆರೆದವಳು ನಾನೇ. ಮೆಟ್ಟುಗಳು ಇಟ್ಟಲ್ಲೇ ಇದ್ದವು. ಹಿಮ್ಮಡಿಯ ಹೊಲಿಗೆ ಒಂದೂ ಸಡಿಲವಾಗಿರಲಿಲ್ಲ. ಆದರೆ ಹೊಸಿಲಿನ ಮುಂದಿನ ಕಲ್ಲಿನ ಮೇಲೆ ಬಿಳಿ ಮರಳಿನ ಎರಡು ಪುಟ್ಟ ಗುಡ್ಡೆಗಳು, ಅಕ್ಕಪಕ್ಕದಲ್ಲಿ.

ನನ್ನ ಹಿಂದೆ ಬಂದು ನಿಂತ ಅಕ್ಕ ಮೆಲ್ಲಗೆ ಹೇಳಿದಳು: "ಅವರು ಯಾವಾಗ್ಲೂ ಹಾಗೇನೇ. ಈ ಕಲ್ಲಿಗೆ ಚಪ್ಪಲಿ ಬಡಿದು, ಧೂಳು ಕೊಡವಿಯೇ ಒಳಗೆ ಬರ್ತಿದ್ದಿದ್ದು."

ಒಳಗೆ ಬಂದ ಗುರುತು ಮಾತ್ರ ಎಲ್ಲೂ ಇರಲಿಲ್ಲ.

ಅತ್ತೆ ಪೊರಕೆ, ನೀರಿನ ಚೆಂಬು ಹಿಡಿದು ಬಂದರು. ಗುಡ್ಡೆಗಳನ್ನು ನೋಡಿದರು. ಆಮೇಲೆ ಅವುಗಳ ಸುತ್ತ ಗುಡಿಸಿ, ಸುತ್ತ ನೀರು ಚಿಮುಕಿಸಿ, ಸುತ್ತಲೇ ರಂಗೋಲಿ ಎಳೆದರು. ಸುಗ್ಗಿ ಮುಗಿದು ನರಹರಿಯ ಜೊತೆ ಹೊರಟ ದಿನ ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು, ಆ ಕಲ್ಲನ್ನು ತುಳಿಯದೆ ದಾಟಿದಳು. ಅವಳಿಗೆ ಅತ್ತೆ, "ಹೋಗಿ ಬಾ," ಎಂದರು.

ನಾನು ಅತ್ತೆಯ ಜೊತೆಯಲ್ಲೇ ಉಳಿದೆ. ಮೆಟ್ಟುಗಳು ಮತ್ತೆ ಸವೆಯಲಿಲ್ಲ. ಗಾಳಿ ಮರಳನ್ನು ದಿನಕ್ಕಿಷ್ಟಿಷ್ಟು ಒಯ್ದಿತು. ಅತ್ತೆಯೂ ಹೋಗಿ ಎಷ್ಟೋ ಕಾಲವಾಯಿತು. ಬಾಗಿಲ ಪಕ್ಕದ ಗೂಡಿನಲ್ಲಿ ಈಗ ನಾನು ಹೊಲಿದ ಸೂಜಿಮೆತ್ತೆ ಇದೆ. ಬೆಳಗ್ಗೆ ಗುಡಿಸುವಾಗ ಕಲ್ಲಿನ ಬಿರುಕಿನಲ್ಲಿ ಒಂದು ಬಿಳಿ ಕಾಳು ಬಿಸಿಲಿಗೆ ಮಿನುಗುತ್ತದೆ. ನಾನು ಪೊರಕೆಯನ್ನು ಎತ್ತಿ, ಆಚೆ ಬದಿಯಿಂದ ಗುಡಿಸುತ್ತೇನೆ.