ಹನ್ನೊಂದು ‘ಲಾ’

ಅನಾನಸು ತಿಂದರೆ ನಾಲಿಗೆ ಉರಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ದಿನಕ್ಕೆ ಎಂಟು ತಾಸು ಅದನ್ನೇ ಹೆಚ್ಚಿದರೆ ಏನಾಗುತ್ತದೆ ಅನ್ನುವುದು ನಮಗೆ ಮಾತ್ರ ಗೊತ್ತು. ರಸ ಬೆರಳಿನ ಚರ್ಮ ತಿನ್ನುತ್ತದೆ. ಮೊದಲು ಉರಿ, ಆಮೇಲೆ ಬಿರುಕು, ಆಮೇಲೆ ಏನೂ ಇಲ್ಲ. ಗಂಗೆಯ ಹೆಬ್ಬೆಟ್ಟು ಆ ‘ಏನೂ ಇಲ್ಲ’ಕ್ಕೆ ಬಂದಿತ್ತು. ಬನವಾಸಿ ಹತ್ತಿರದ ಶೆಡ್ಡಿನಲ್ಲಿ ಆರು ವರ್ಷ ಹಣ್ಣು ಹೆಚ್ಚಿ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಶನ್ ಅಂಗಡಿಯ ಮಷೀನು ಅವಳನ್ನು ಮೂರು ಸಲ ತಿರಸ್ಕರಿಸಿತು.

"ನೀ ಗಂಗೆ ಅಲ್ಲ ಅಂತೈತಿ ಮಷೀನು," ಅಂದ ಅಂಗಡಿಯವ.

"ಹಂಗಾರ ಈ ಹಸಿವಿ ಯಾರದು ಅಂತ ಕೇಳ್ರಿ ಅದನ್ನ," ಅಂದಳು ಗಂಗೆ.

ಅವಳ ಬಾಯಿ ಹಾಗೆ. ಶೆಡ್ಡಿನ ಸಾವ್ಕಾರನ ಹತ್ತಿರ ಕೈಗವಸು ಕೇಳಿದವಳೂ ಅವಳೇ. "ಕೈಗೆ ಚೀಲ ಹಾಕಿದ್ರ ಕೆಲಸ ನಿಧಾನ ಆಗ್ತೈತಿ," ಅಂದ ಸಾವ್ಕಾರ. "ಬಾಯಿಗೆ ಹಾಕಿದ್ರ ಚಲೋ ಆಗ್ತಿತ್ತು ನೋಡ್ರಿ, ನಿಮ್ಮದಕ್ಕ," ಅಂತ ಇವಳು ಮೆಲ್ಲಗೆ ಅಂದಳು. ನಾನು ಪಕ್ಕದಲ್ಲೇ ಕೂತಿದ್ದೆ, ಕೇಳಿಸಿತು. ನಾನು ಸಾವಿತ್ರವ್ವ. ಗಂಗೆಯ ಎಡಗಡೆ ಕೂತು ಹಣ್ಣಿನ ಮುಳ್ಳು ತೆಗೆಯುವವಳು. ಅವಳ ಬಲಗಡೆ ಬಿಸ್ಮಿಲ್ಲಾ ಬಿ, ಡಬ್ಬಿ ತುಂಬುವವಳು. ಆಕೆ ಕೆಲಸಕ್ಕೆ ಬರುವ ಮೊದಲು ಓಣಿಯ ಮಕ್ಕಳಿಗೆ ಕುರಾನು ಓದುವುದನ್ನು ಕಲಿಸುತ್ತಾಳೆ. ಮೂವತ್ತು ವರ್ಷದಿಂದ ಕಲಿಸುತ್ತಿದ್ದಾಳೆ.

ಈ ಶೆಡ್ಡಿಗೆ ವಿನೋದ ಬಂದದ್ದು ಕಳೆದ ವರ್ಷ ಹಣ್ಣಿನ ಹಂಗಾಮು ಮುಗಿಯುವಾಗ. ಅವನು ಸಾವ್ಕಾರನ ಹೆಂಡತಿಯ ತಮ್ಮ. ಶಿರಸಿಯಲ್ಲಿ ಆಫೀಸು ಇಟ್ಟಿದ್ದ. ಜನರನ್ನು ಗಲ್ಫಿಗೆ ಕಳಿಸುವ ಆಫೀಸು.

"ಆಸ್ಪತ್ರೆ ಅಡುಗೆಮನೆಯಲ್ಲಿ ಕೆಲಸ," ಅಂದ. "ಪಾತ್ರೆ ಮಷೀನೇ ತೊಳೀತದೆ. ನೀವು ಮಷೀನಿನ ಗುಂಡಿ ಒತ್ತೂದು, ಅಷ್ಟೆ. ಇದಕ್ಕಿಂತ ಎಂತ ಬೇಕು ನಿಮಗೆ?"

ಎಂಟು ಜನ ಹೆಸರು ಕೊಟ್ಟರು. ಗಂಗೆಯೂ ಕೊಟ್ಟಳು. ಅವಳ ಗಂಡ ಎಲ್ಲಿಗೋ ಹೋಗಿ ಒಂಬತ್ತು ವರ್ಷ. ಮಗಳು ಹತ್ತನೇ ತರಗತಿ. "ಆಕೀ ಬೆರಳರೆ ಉಳೀಲಿ ಸಾವಿತ್ರಕ್ಕ," ಅಂದಳು ನನ್ನ ಹತ್ತಿರ. ನಾನು ಹೋಗು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ವಿನೋದ ಎಲ್ಲರ ಪಾಸ್‌ಪೋರ್ಟ್ ಮಾಡಿಸಿದ. ಮಾಡಿಸಿ ತನ್ನ ಹತ್ತಿರವೇ ಇಟ್ಟುಕೊಂಡ. ಬದಲಿಗೆ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಕೊಟ್ಟ. ‘ಮೂವತ್ತು ದಿನದಲ್ಲಿ ಆಡುಮಾತಿನ ಅರಬಿ, ಗುರುವಿಲ್ಲದೆ’ ಅಂತ ಅದರ ಹೆಸರು. ಕನ್ನಡ ಅಕ್ಷರದಲ್ಲಿ ಅರಬಿ ಮಾತು, ಎದುರಿಗೆ ಅರ್ಥ. "ಇದನ್ನ ಬಾಯಿಪಾಠ ಮಾಡಿ. ಅಲ್ಲಿ ಪರೀಕ್ಷೆ ಉಂಟು," ಅಂದ.

ಉಳಿದವರು ಪುಸ್ತಕವನ್ನು ಟ್ರಂಕಿನಲ್ಲಿ ಇಟ್ಟರು. ಗಂಗೆ ಚೂರಿಯ ಪಕ್ಕ ಇಟ್ಟುಕೊಂಡಳು. ಒಂದು ಹಣ್ಣು ಹೆಚ್ಚುವುದು, ಒಂದು ಸಾಲು ಓದುವುದು. ಹಾಳೆಯೆಲ್ಲ ಅಂಟಂಟಾಗಿ ಇರುವೆ ಮುತ್ತಿದವು. "ನನಗಿಂತ ಮೊದಲ ಇವು ಕಲ್ತು ಹೊಕ್ಕಾವು," ಅಂದಳು.

ನಮಗೂ ಒಳ್ಳೆಯ ಮನರಂಜನೆ. ‘ತಾಲಿ’ ಅಂದರೆ ಇಲ್ಲಿ ಬಾ ಎಂದು ಅರ್ಥವಂತೆ. ಗಂಗೆ ನಕ್ಕು ನಕ್ಕು ಚೂರಿ ಕೆಳಗಿಟ್ಟಳು. "ಅಲ್ಲಿ ತಾಲಿ ಅಂದ್ರ ಬಾ. ನಮ್ಮಲ್ಲಿ ತಾಳಿ ಕಟ್ಟಿದಾವ ಹೋಗೇ ಬಿಟ್ಟ!" ‘ಯಲ್ಲಾ’ ಅಂದರೆ ಬೇಗ ಬೇಗ. "ಯಲ್ಲಾಪುರದ ಬಸ್ಸು ನೋಡಿದ್ರ ಹಂಗ ಅನಸೂದಿಲ್ಲಲ್ರೀ," ಅಂತ ನಾನಂದೆ. ಸಾವ್ಕಾರ ಬಂದರೆ ಗಂಗೆ ಎದ್ದು ನಿಂತು "ಶ್ಲೋನಕ್?" ಅನ್ನುತ್ತಿದ್ದಳು. ಹೇಗಿದ್ದೀ ಎಂದು ಅರ್ಥ. ಅವನು ಬೈಗುಳ ಎಂದುಕೊಂಡು ಕಣ್ಣು ಕೆಂಪು ಮಾಡುತ್ತಿದ್ದ. ಆರು ವರ್ಷದಲ್ಲಿ ಅವನ ಯೋಗಕ್ಷೇಮ ಕೇಳಿದ್ದು ಅದೇ ಮೊದಲು.

ಹದಿನೆಂಟನೇ ಪಾಠ ಮುಗಿಸಿದ ದಿನ ಅವಳು ನಗಲಿಲ್ಲ.

"ಸಾವಿತ್ರಕ್ಕ, ಈ ಪುಸ್ತಕದಾಗ ಏನೋ ಕಡಿಮಿ ಬಿದ್ದೈತಿ."

"ಏನಾತ?"

"ಹೌದು ಮದಾಮ್ ಅನ್ನೂದಕ್ಕ ನಾಕು ಥರ ಐತಿ. ತಪ್ಪಾತು ಅನ್ನೂದಕ್ಕ ಮೂರು ಥರ ಐತಿ. ಕೂಸಿಗೆ ನೀರು ಎರಿ, ಧಣೀ ನಿಲುವಂಗಿಗೆ ಇಸ್ತ್ರಿ ಮಾಡು, ನೆಲ ಒರಸು, ಎಲ್ಲಾ ಐತಿ. ನನಗ ಜ್ವರ ಬಂದೈತಿ ಅನ್ನೂದು ಇಲ್ಲ. ಹಸಿವಾಗೈತಿ ಅನ್ನೂದು ಇಲ್ಲ. ಒಲ್ಲೆ ಅನ್ನೂದಂತೂ ಮೊದಲಿನಿಂದ ಕಡೀತನ ಹುಡುಕಿದೆ, ಇಲ್ಲ."

ಬಿಸ್ಮಿಲ್ಲಾ ಬಿ ಡಬ್ಬಿಯ ಮುಚ್ಚಳ ಒತ್ತುತ್ತ ಅಂದಳು, "ಒಲ್ಲೆ, ಇಲ್ಲ, ಬೇಡ, ಎಲ್ಲಕ್ಕೂ ಒಂದೇ, ಬೇಟಿ. ಲಾ. ನನ್ನ ಹತ್ರ ಬರೋ ನಾಲ್ಕು ವರ್ಷದ ಕೂಸಿಗೂ ಗೊತ್ತದೆ."

"ಇಷ್ಟು ಸಣ್ಣ ಶಬ್ದ ಬರಿಯಾಕ ಹಾಳಿ ಸಾಲಲಿಲ್ಲೇನ ಇವರಿಗೆ?" ಅಂದಳು ಗಂಗೆ. ಆಮೇಲೆ ತಡೆದು, "ಆಸ್ಪತ್ರಿ ಅಡಗೀಮನ್ಯಾಗ ಕೂಸಿಗೆ ಯಾಕ ಎರಿಬೇಕು?"

ಅದನ್ನೇ ವಿನೋದನನ್ನು ಕೇಳಿದಳು. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಎಲ್ಲಾ ಕೆಲಸಕ್ಕೂ ಒಂದೇ ಪುಸ್ತಕ ಮಾರಾಯ್ತಿ. ನಿನಗೊಬ್ಬಳಿಗೆ ಬೇರೆ ಅಚ್ಚು ಹಾಕಿಸ್ಲಾ?"

ಮುಂದಿನ ವಾರ ಅವನು ಕರಾರಿನ ಕಾಗದ ತಂದ. ಎರಡು ಪುಟ, ಪೂರ್ತಿ ಅರಬಿ ಲಿಪಿ. ಕೆಳಗೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ‘ಆಸ್ಪತ್ರೆ ಅಡುಗೆ ಸಹಾಯಕಿ’ ಎಂದು ಬರೆದಿತ್ತು. ಇಲ್ಲೇ ಸಹಿ ಹಾಕಿ ಅಂದ.

"ಒಂದಿನ ಮನ್ಯಾಗ ಇಟ್ಟು ತರ್ತೀವ್ರಿ," ಅಂದಳು ಗಂಗೆ. "ದೇವರ ಮುಂದ ಇಟ್ಟು ಕುಂಕುಮ ಹಚ್ಚಬೇಕು. ದೂರದ ಕೆಲಸ ಅಲ್ರೀ?"

ದೇವರ ವಿಷಯ ಬಂದರೆ ಇಂಥವರು ಎದುರಾಡುವುದಿಲ್ಲ. ವಿನೋದ ಕೈ ಮುಗಿದೇ ಒಪ್ಪಿದ. ಗಂಗೆ ಕಾಗದ ತಗೊಂಡು ಎಲ್ಲಿ ದೇವರ ಮನೆಗೆ ಹೋದಾಳು? ಊಟದ ಹೊತ್ತಿಗೆ ಬಿಸ್ಮಿಲ್ಲಾ ಬಿಯ ತೊಡೆಯ ಮೇಲಿಟ್ಟಳು.

"ನನಗೆ ಅರ್ಥ ಬರಲ್ಲ ಬೇಟಿ. ಅಕ್ಷರ ಓದ್ತೀನಿ, ಅಷ್ಟೆ," ಅಂದಳು ಆಕೆ.

"ನನಗ ಅಕ್ಷರ ಬರೂದಿಲ್ಲ. ಸಪ್ಪಳ ಕೇಳಿದ್ರ ಅರ್ಥ ಹೇಳ್ತೀನಿ. ನೀವು ಬಾಯಿ ಆಗ್ರಿ, ನಾ ಕಿವಿ ಆಗ್ತೀನಿ."

ಬಿಸ್ಮಿಲ್ಲಾ ಬಿ ಕನ್ನಡಕ ಹಾಕಿಕೊಂಡಳು. "ಅರೆ, ಇದಕ್ಕೆ ಜೇರ್ ಇಲ್ಲ, ಜಬರ್ ಇಲ್ಲ. ಗುಣಿತ ಇಲ್ಲದ ಬೋಳು ಅಕ್ಷರ," ಅಂತ ಗೊಣಗಿದಳು. ಬೆರಳಿಟ್ಟು ಬಲದಿಂದ ಎಡಕ್ಕೆ ಹೊರಟಳು. "ಖಾ... ದ... ಮ. ಖಾದಿಮಾ. ಇದು ನಮ್ಮ ಮಾತಲ್ಲೂ ಅದೆ. ಚಾಕರಿಯವಳು. ಆಮೇಲೆ ಮಂಜಿಲಿಯಾ. ಮಂಜಿಲ್ ಅಂದ್ರೆ ಮನೆ."

"ಮನೀ ಚಾಕರಿಯಾಕಿ," ಅಂದೆ ನಾನು. "ಆಸ್ಪತ್ರಿ ಎಲ್ಲೈತಿ?"

"ಮುಸ್ತಶ್ಫಾ ಅಂತ ಇರಬೇಕು. ಹುಡುಕ್ರಿ ಚಾಚಿ," ಅಂದಳು ಗಂಗೆ.

ಎರಡು ಪುಟದಲ್ಲೂ ಮುಸ್ತಶ್ಫಾ ಇರಲಿಲ್ಲ. ಪೆನ್ಸಿಲಿನ ಆಸ್ಪತ್ರೆ ಬೆರಳಿನಿಂದ ಉಜ್ಜಿದರೆ ಹೋಗುವಂಥದು.

"ಮುಂದೆ... ಬ, ದ, ವ, ನ. ಬದವನ? ಬದೂನ್?"

"ಬಿದೂನ್!" ಗಂಗೆ ಕೂಗಿದಳು. "ಚಾಯ್ ಬಿದೂನ್ ಶಕರ್. ಸಕ್ಕರಿ ಇಲ್ಲದ ಚಾ. ಏನು ಬಿದೂನ್?"

"ಇ... ಜಾ... ಜ."

ಗಂಗೆ ಪುಸ್ತಕ ತಿರುವಲಿಲ್ಲ. ಬಾಯಿಪಾಠ ಆಗಿತ್ತು. "ಇಜಾಜ ಅಂದ್ರ ರಜಾ. ಬಿದೂನ್ ಇಜಾಜ. ಸಕ್ಕರಿ ಹಂಗ ರಜಾನೂ ಇಲ್ಲ."

ಅಲ್ಲಿಂದ ಮುಂದೆ ಯಾರೂ ಊಟ ಮಾಡಲಿಲ್ಲ. ಹೆಸರು ಕೊಟ್ಟ ಉಳಿದ ಏಳು ಜನರೂ ಬಂದು ಸುತ್ತ ಕೂತರು. ‘ಸನತೇನ್’, ಎರಡು ವರ್ಷ. ‘ಜವಾಜ್’, ಪಾಸ್‌ಪೋರ್ಟ್. ಅದರ ಪಕ್ಕ ‘ಕಫೀಲ್’, ಅಲ್ಲಿನ ಧಣಿ. ಎಷ್ಟೋ ಮಾತು ತಿಳಿಯಲಿಲ್ಲ. ಆದರೆ ಒಂದು ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಲಾ," ಅಂದಳು ಬಿಸ್ಮಿಲ್ಲಾ ಬಿ. "ಇಲ್ಲೂ ಲಾ. ಮತ್ತೆ ಇಲ್ಲಿ."

ಎಣಿಸಿದೆವು. ಹನ್ನೊಂದು.

"ನೋಡ್ರಿ," ಅಂದಳು ಗಂಗೆ. ದನಿ ಸಣ್ಣದಾಗಿತ್ತು. "ನಮ್ಮ ಪುಸ್ತಕದಾಗ ಒಂದೂ ಲಾ ಇಲ್ಲ. ಇದ್ದ ಲಾ ಎಲ್ಲಾ ಅವರ ಕಾಗದದಾಗ ಇಟ್ಕೊಂಡಾರ."

ಅನುಮಾನ ಉಳಿಯಬಾರದೆಂದು ಹಯಾತ್ ಭಾಯಿಗೆ ಫೋಟೋ ಕಳಿಸಿದೆವು. ಆತ ಬಿಸ್ಮಿಲ್ಲಾ ಬಿಯ ನೆಂಟ. ಹದಿನಾಲ್ಕು ವರ್ಷ ಗಲ್ಫಿನಲ್ಲಿ ಲಾರಿ ಓಡಿಸಿ ಬಂದವನು. ಹತ್ತು ನಿಮಿಷಕ್ಕೆ ಉತ್ತರ ಬಂತು. "ಸಹಿ ಹಾಕಬ್ಯಾಡ್ರಿ. ನೀವು ಓದಿದ್ದು ಖರೆ. ತಿಳೀದ ಬಿಟ್ಟಿದ್ದು ಇನ್ನೂ ಕೆಟ್ಟದೈತಿ. ನಡುವೆ ಬಿಟ್ಟು ಬಂದ್ರ ಜೈಲು ಅಂತ ಬರದಾರ."

ಮರುದಿನ ಎಂಟು ಜನ, ಜೊತೆಗೆ ನಾನು, ಬಿಸ್ಮಿಲ್ಲಾ ಬಿ, ಶಿರಸಿಯ ಬಸ್ಸು ಹತ್ತಿದೆವು. ವಿನೋದನ ಆಫೀಸು ಮಹಡಿ ಮೇಲೆ. ಗೋಡೆಗೆ ವಿಮಾನದ ಚಿತ್ರ.

"ವೇನ್ ಜವಾಜಿ?" ಅಂದಳು ಗಂಗೆ, ಒಳಗೆ ಕಾಲಿಟ್ಟವಳೇ.

"ಎಂತ?"

"ಅರಬಿಯಾಗ ಕೇಳಿದೆ. ನನ್ನ ಪಾಸ್‌ಪೋರ್ಟ್ ಎಲ್ಲಿ ಅಂತ."

ವಿನೋದನಿಗೆ ಒಂದು ಅಕ್ಷರವೂ ತಿಳಿದಿರಲಿಲ್ಲ. ಜನರಿಗೆ ಹಂಚಿದ ಪುಸ್ತಕವನ್ನು ಅವನು ತೆರೆದೇ ಇರಲಿಲ್ಲ. "ಸಹಿ ಹಾಕದೆ ಪಾಸ್‌ಪೋರ್ಟ್ ಕೊಡೂದಿಲ್ಲ," ಅಂದ. "ನನ್ನ ಖರ್ಚು ಯಾರು ಕೊಡ್ತಾರೆ? ಭಾವನಿಗೆ ಹೇಳಿ ಶೆಡ್ಡಿನ ಕೆಲಸಾನೂ ತೆಗೆಸ್ತೆ."

"ಕಾಗದ ಓದಿ ಹೇಳ್ರಿ, ಆಮ್ಯಾಲ ಸಹಿ," ಅಂದೆ ನಾನು.

"ಅದು ನಿಮಗೆ ತಿಳೀದಿಲ್ಲ."

"ನಿಮಗ ತಿಳೀತೈತೇನ್ರಿ?"

ಅವನು ಮೊಬೈಲು ಎತ್ತಿಕೊಂಡ. ನಾವು ಅವನ ನೆಲದ ಮೇಲೆ ಕೂತೆವು. ಬುತ್ತಿ ಬಿಚ್ಚಿದೆವು. ರೊಟ್ಟಿ, ಕೆಂಪು ಚಟ್ನಿ, ಹಸಿ ಉಳ್ಳಾಗಡ್ಡಿ. ಕೆಲಸ ಕೇಳಲು ಬಂದ ಗಂಡಸರು ಬಾಗಿಲಲ್ಲಿ ನಿಂತು ನೋಡಿದರು. ಗಂಗೆ ಅವರಿಗೂ ರೊಟ್ಟಿ ಕೊಟ್ಟಳು, ಜೊತೆಗೆ ಕಾಗದದ ಅರ್ಥವನ್ನೂ ಹೇಳಿದಳು. ಮೂರನೇ ಗಂಡಸು ವಾಪಸು ಇಳಿದುಹೋದಾಗ ವಿನೋದ ಕಪಾಟು ತೆಗೆದ. ಎಂಟು ಪಾಸ್‌ಪೋರ್ಟನ್ನೂ ಮೇಜಿನ ಮೇಲೆ ಎಸೆದ.

ದೂರು ಕೊಡೋಣ ಅಂದಳು ಗಂಗೆ. ಪೊಲೀಸ್ ಠಾಣೆಯ ಸಾಹೇಬರು ಕಾಗದವನ್ನು ಉಲ್ಟಾ ಹಿಡಿದು ನೋಡಿದರು.

"ನೀವು ಹೋದ್ರಾ?"

"ಇಲ್ರಿ."

"ಹೋಗೇ ಇಲ್ಲ ಅಂದ್ರೆ ಮೋಸ ಎಲ್ಲಾಯ್ತು? ಹೋಗಿ, ಮೋಸ ಆದ ಮೇಲೆ ಬನ್ನಿ."

"ಸತ್ತ ಮ್ಯಾಲೂ ಬರಬಹುದೇನ್ರಿ ಸಾಹೇಬ್ರ?" ಅಂದಳು ಗಂಗೆ. ಅವರು ನಮ್ಮನ್ನು ಹೊರಗೆ ಕಳಿಸಿದರು.

ಮೂರು ದಿನಕ್ಕೆ ಗಂಗೆಯನ್ನು ಶೆಡ್ಡಿನಿಂದ ತೆಗೆದರು. ನನ್ನನ್ನೂ, ಬಿಸ್ಮಿಲ್ಲಾ ಬಿಯನ್ನೂ ತೆಗೆದರು. ಕೈ ನಿಧಾನ ಅಂತ ಕಾರಣ. ಗಂಗೆ ಮನೆಗೆ ಬಂದು ಒಂದು ದಿನ ಸುಮ್ಮನೆ ಗೋಡೆಗೆ ಒರಗಿ ಕೂತಿದ್ದಳು. ಅಳಲಿಲ್ಲ, ತಮಾಷೆಯೂ ಮಾಡಲಿಲ್ಲ. ನನಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಹಯಾತ್ ಭಾಯಿಯ ಫೋನು ಬಂತು. ವಿನೋದ ಭಾನುವಾರ ಸಿದ್ದಾಪುರದಲ್ಲಿ ಸಭೆ ಕರೆದಿದ್ದಾನೆ, ನಲವತ್ತು ಹೆಂಗಸರು ಬರ್ತಾರೆ.

"ಏಳ್ರಿ ಸಾವಿತ್ರಕ್ಕ," ಅಂದಳು ಗಂಗೆ. "ಹೆಂಗೂ ಕೆಲಸ ಇಲ್ಲ."

ಬಿಸ್ಮಿಲ್ಲಾ ಬಿಯನ್ನೂ ಕರಕೊಂಡು ಹೋದೆವು. ಸಿದ್ದಾಪುರದ ಆ ಸಭೆಯ ಹಾಲಿನಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಎಲ್ಲರ ಮಡಿಲಲ್ಲೂ ಹೊಸ ಪುಸ್ತಕ, ಕಾಗದ, ಒಂದು ಪೆನ್ನು. ವಿನೋದ ನಮ್ಮನ್ನು ಕಂಡ.

"ಇವರು ನಮ್ಮ ಹಳೇ ವಿದ್ಯಾರ್ಥಿಗಳು," ಅಂದ ಮೈಕಿನಲ್ಲಿ, ಏನೂ ತೋಚದೆ.

"ಹೌದ್ರಿ. ಪುಸ್ತಕ ಪೂರಾ ಮುಗಿಸೀವಿ," ಅಂದಳು ಗಂಗೆ. "ಯಾರರೆ ಒಂದು ಕಾಗದ ಕೊಡ್ರಿ ಇಲ್ಲಿ."

ಯಾರೂ ಕೊಡಲಿಲ್ಲ. ಪರಸ್ಪರ ಮುಖ ನೋಡಿಕೊಂಡರು. ಎರಡನೇ ಸಾಲಿನಲ್ಲಿದ್ದ ಒಬ್ಬಳು, ತನುಜಾ ಅಂತ ಆಮೇಲೆ ತಿಳಿಯಿತು, ತನ್ನ ಕಾಗದ ತಿರುಗಿಸಿ ನೋಡಿ ಕೇಳಿದಳು, "ಎಂತ ಬರ್ದಿದೆ ಇದ್ರಲ್ಲಿ? ನಿಮಗೆ ಓದಲಿಕ್ಕೆ ಬರ್ತದಾ?"

"ನನಗೊಬ್ಬಾಕಿಗೆ ಬರೂದಿಲ್ಲ. ಇಬ್ಬರೂ ಸೇರಿದ್ರ ಬರತೈತಿ."

ಬಿಸ್ಮಿಲ್ಲಾ ಬಿ ಕಾಗದ ಇಸಕೊಂಡು ಓದತೊಡಗಿದಳು. ಗಂಗೆ ಅದರ ಹಿಂದೆಯೇ ಕನ್ನಡದಲ್ಲಿ ಹೇಳತೊಡಗಿದಳು. ವಿನೋದ ಮೈಕಿನ ದನಿ ಏರಿಸಿ ಸುಳ್ಳು, ಸುಳ್ಳು ಎಂದು ಕೂಗಿದ. ಮೂವತ್ತು ವರ್ಷ ಗಲಾಟೆ ಮಕ್ಕಳ ಮೇಲೆ ಪಳಗಿದ ಗಂಟಲು ಬಿಸ್ಮಿಲ್ಲಾ ಬಿಯದು. ಮೈಕು ಅದರ ಮುಂದೆ ಸೊಳ್ಳೆ.

ಹೆಂಗಸರು ಒಬ್ಬೊಬ್ಬರಾಗಿ ಕುರ್ಚಿ ಎಳೆದು ನಮ್ಮ ಕಡೆ ತಿರುಗಿದರು. ನಲವತ್ತು ಕುರ್ಚಿಯ ಕಾಲು ನೆಲಕ್ಕೆ ಗೀರುವ ಸದ್ದು. ವಿನೋದನಿಗೆ ಈಗ ಬೆನ್ನುಗಳಷ್ಟೇ ಕಾಣುತ್ತಿದ್ದವು.

ಸಹಿ ಹಾಕಲು ಕೊಟ್ಟಿದ್ದ ಪೆನ್ನಿನ ಟೊಪ್ಪಿ ತೆಗೆದು ತನುಜಾ ಕೈ ಎತ್ತಿದಳು.

"ಸ್ವಲ್ಪ ನಿಧಾನ ಓದಿ ಅಮ್ಮಾ. ಬರ್ಕೊಳ್ತಾ ಇದ್ದೇವೆ."