ಬೆಕ್ಕುಗಳು ಸೊರಗಿದ ವರ್ಷ

ಮದ್ದು ತಯಾರಿಸುವ ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ಸ್ಕೇಲಣ್ಣ ಎಂದು ಕರೆಯುತ್ತಿದ್ದರು. ಹೆಸರಿಗೆ ತಕ್ಕ ಕೆಲಸವೇ ಅವನದು. ಬೆಕ್ಕಿನ ಅಲರ್ಜಿಗೆ ಕೊಡುವ ಮದ್ದನ್ನು ಬೆಕ್ಕಿನ ಮೈಯಿಂದಲೇ ತೆಗೆಯಬೇಕು. ಕೂದಲು, ಹೊಟ್ಟು, ಎಂಜಲು ಎಲ್ಲವನ್ನೂ ನೆನೆಸಿ, ಸೋಸಿ, ಸಾರವನ್ನು ಸೀಸೆಗೆ ತುಂಬಬೇಕು. ಆದರೆ ಒಂದು ಬೆಕ್ಕಿನ ಹಾಗೆ ಇನ್ನೊಂದಿರುವುದಿಲ್ಲ. ಒಂದು ಸೀಸೆ ಖಾರವಾದರೆ ಇನ್ನೊಂದು ಸಪ್ಪೆ. ಎಲ್ಲ ಸೀಸೆಗಳ ಬಲವೂ ಒಂದೇ ಆಗಿರಬೇಕಾದರೆ ಅಳೆಯಲು ಏನಾದರೊಂದು ಬೇಕಲ್ಲ? ಆ ಏನಾದರೊಂದು ಎಂದರೆ ಸ್ಕೇಲಣ್ಣನ ಎಡಗೈ, ಮೊಣಕೈಯಿಂದ ಮಣಿಕಟ್ಟಿನವರೆಗೆ.

ಬೆಕ್ಕು ಕಂಡರೆ ಸೀನುವವರು ಊರಲ್ಲಿ ಬೇಕಾದಷ್ಟು ಜನರಿದ್ದರು. ಇವನಷ್ಟು ನಿಯತ್ತಿನಿಂದ ಸೀನುವವರು ಮಾತ್ರ ಯಾರೂ ಇರಲಿಲ್ಲ. ಸಾರದ ಒಂದು ಹನಿಯನ್ನು ಅವನ ಚರ್ಮದ ಮೇಲಿಟ್ಟು ಸೂಜಿಮೊನೆ ತಾಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅಂಗಿಯ ಗುಂಡಿಯಷ್ಟು ದದ್ದು ಏಳುತ್ತಿತ್ತು. ಗುಂಡಿಯಷ್ಟೇ ಎದ್ದರೆ ಸೀಸೆ ಸರಿ. ದೊಡ್ಡದಾದರೆ ನೀರು ಬೆರೆಸು, ಚಿಕ್ಕದಾದರೆ ಇನ್ನಷ್ಟು ಬೆಕ್ಕು ಬೆರೆಸು. ಕೆಲಸಕ್ಕೆ ಸೇರುವಾಗ ಅವನಿಗೆ ಹಾಕಿದ್ದು ಎರಡೇ ಷರತ್ತು: ಕೈಗೆ ಬಿಸಿಲು ತಾಗಬಾರದು, ಕಾಯಿಲೆ ವಾಸಿಯಾಗಬಾರದು.

ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಕ್ಕನಿಗೆ ಇದ್ದದ್ದು ಸಾಹುಕಾರ ಎಂಬ ಬೆಕ್ಕು. ಒಮ್ಮೆ ಆ ಮನೆಯ ಹೊಸ್ತಿಲು ದಾಟಿ ಒಳಗೆ ಕೂತಿದ್ದಕ್ಕೆ ಉಸಿರು ಕಟ್ಟಿ, ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಗಿತ್ತು. ಬೆಕ್ಕನ್ನು ಬಿಡು ಎಂದು ತಮ್ಮ ಕೇಳಲಿಲ್ಲ. ತಮ್ಮನನ್ನು ಬಿಡು ಎಂದು ಬೆಕ್ಕೂ ಕೇಳಲಿಲ್ಲ. ಅಂದಿನಿಂದ ದಿನಾ ಸಂಜೆ ಅವನು ಬೀದಿಯಲ್ಲಿ, ಅವಳು ಒಳಗೆ, ನಡುವೆ ಮುಚ್ಚಿದ ಕಿಟಕಿಯ ಗಾಜು. ಅವನು ಬೆರಳು ಕೂಡಿಸಿ ಬಾಯಿಯ ಹತ್ತಿರ ತರುತ್ತಿದ್ದ: ಊಟ ಆಯ್ತಾ? ಅವಳು ತಲೆಯಾಡಿಸುತ್ತಿದ್ದಳು: ಆಯ್ತು. ಆಮೇಲೆ ಇಬ್ಬರೂ ದೊಡ್ಡದಾಗಿ ಬಾಯಿ ತೆರೆದು, ಕೈ ಬೀಸಿ, ದನಿಯಿಲ್ಲದೆ ಮಾತಾಡುತ್ತಿದ್ದರು. ನೋಡಿದವರಿಗೆ ಎರಡು ಮೀನುಗಳು ಜಗಳವಾಡಿದ ಹಾಗೆ ಕಾಣುತ್ತಿತ್ತು.

ಹೀಗೇ ಎಷ್ಟೋ ವರ್ಷ ನಡೆಯಿತು. ಈಚೆಗೆ ಅಕ್ಕನ ಕಣ್ಣಿಗೆ ಮಂಜು ಕವಿಯತೊಡಗಿತು. ಡಾಕ್ಟರು ನೋಡಿ, ಇದು ಇನ್ನು ತಿಳಿಯಾಗುವುದಿಲ್ಲ ಎಂದರು. ಒಂದು ಸಂಜೆ ಅವನು ಗಾಜಿನ ಮುಂದೆ ನಿಂತು ಎಷ್ಟು ಕೈ ಬೀಸಿದರೂ ಅವಳು ಅವನ ಭುಜದಾಚೆಗಿನ ದೀಪದ ಕಂಬವನ್ನೇ ನೋಡಿ ತಲೆಯಾಡಿಸಿದಳು.

ಮರುದಿನವೇ ಅವನು ಊರಾಚೆಯ ಒಂದು ಕ್ಲಿನಿಕ್ಕಿಗೆ ಹೋದ. ಅಲ್ಲಿನ ಡಾಕ್ಟರಮ್ಮ, ಯಾವುದು ಮೈಗೆ ಆಗುವುದಿಲ್ಲವೋ ಅದನ್ನೇ ಸೂಜಿಯಲ್ಲಿ ಚೂರುಚೂರಾಗಿ ಕೊಟ್ಟು, ಮೆಲ್ಲಗೆ ಏರಿಸುತ್ತಾ ದೇಹವನ್ನು ಒಗ್ಗಿಸುತ್ತಿದ್ದರು. ಅವರ ಕಪಾಟಿನಲ್ಲಿದ್ದ ಸೀಸೆಗಳೆಲ್ಲ ಸಂಸ್ಥೆಯವೇ. ಅಂದರೆ, ಅವನ ಕೈಯೇ ಅಳೆದು ಕಳಿಸಿದವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವನು ಅಂಗಿ ಮಡಿಸಿ ಬಲಗೈಯನ್ನು ಚಾಚುತ್ತಿದ್ದ.

ಮದ್ದು ಹಿಡಿಯಿತು. ಸಂಸ್ಥೆಯಲ್ಲಿ ಫಜೀತಿ ಶುರುವಾದದ್ದು ಆಗಲೇ.

"ಏನಿದು ಸ್ಕೇಲಣ್ಣ? ಸಾಸಿವೆ ಕಾಳಷ್ಟೂ ಎದ್ದಿಲ್ಲ!" ಎಂದಳು ಸೂಜಿ ಹಿಡಿಯುವ ಚುಚ್ಚಮ್ಮ.

"ಸರಿಯಾಗಿ ಚುಚ್ಚಿಲ್ವೇನೋ."

"ಚುಚ್ಚೋದರಲ್ಲಿ ನನ್ನ ಕೈ ತಪ್ಪಿದ್ದೇ ಇಲ್ಲ. ಬೇಕಾದ್ರೆ ನಮ್ಮ ಯಜಮಾನ್ರನ್ನ ಕೇಳಿ."

ವಿಷಯ ನಿರ್ದೇಶಕರವರೆಗೆ ಹೋಯಿತು. ಅವರು ಕನ್ನಡಕ ಒರೆಸಿ, ದದ್ದು ಇರಬೇಕಾಗಿದ್ದ ಜಾಗವನ್ನು ಬಹಳ ಹೊತ್ತು ನೋಡಿದರು. "ಕೈ ಬದಲಾಗೋ ಹಾಗಿಲ್ಲ. ನಿಯಮದಲ್ಲೇ ಬರೆದಿದೆ. ಅಂದ್ಮೇಲೆ ಬದಲಾಗಿರೋದು ಬೆಕ್ಕುಗಳು," ಎಂದರು.

ದೇಶದ ಬೆಕ್ಕುಗಳು ಸೊರಗಿವೆ ಎಂದು ತೀರ್ಮಾನವಾಯಿತು. ಬೆಕ್ಕುಗಳ ಪುಷ್ಟಿಗೆ ಒಂದು ಸಮಿತಿ ಹುಟ್ಟಿಕೊಂಡಿತು. ಬಿಳಿ ಕೋಟಿನವರು ಮನೆಮನೆಗೆ ಹೋಗಿ ಬೆಕ್ಕುಗಳನ್ನು ತಕ್ಕಡಿಯಲ್ಲಿ ಕೂರಿಸಿ, ನಾಲಿಗೆ ನೋಡಿ, ಕೆನೆಹಾಲು ಕುಡಿಸಿ ಬಂದರು. ಬೆಕ್ಕುಗಳು ಕುಂಬಳಕಾಯಿಯ ಹಾಗೆ ಉಬ್ಬಿದವು. ಅವನ ಕೈ ಮಾತ್ರ ತಣ್ಣಗಿತ್ತು. ಕೊನೆಗೆ ಗುಂಡಿಯಷ್ಟು ದದ್ದು ಏಳುವ ತನಕ ಸೀಸೆಗೆ ಬೆಕ್ಕಿನ ಮೇಲೆ ಬೆಕ್ಕು ಬೆರೆಸುತ್ತಾ ಹೋದರು. ಆ ಗಟ್ಟಿ ಸೀಸೆಯೇ ಕ್ಲಿನಿಕ್ಕಿಗೆ ಬಂದು, ಅವನ ಬಲಗೈ ಸೇರಿ, ಅವನನ್ನು ಇನ್ನಷ್ಟು ಗುಣಪಡಿಸುತ್ತಿತ್ತು. ಇನ್ನು ಸ್ವಲ್ಪ ಕಾದರೆ ಸಾಕು, ಅಕ್ಕನ ಪಕ್ಕ ಕೂರಬಹುದು ಎಂದುಕೊಂಡ.

ಒಂದು ದಿನ ಡಾಕ್ಟರಮ್ಮ ಸೂಜಿಯನ್ನು ಕೈಯಲ್ಲಿ ಹಿಡಿದೇ ನಿಂತರು. "ಹೊಸ ಸೀಸೆಗಳು ಬಂದಾಗಿನಿಂದ ನಿಮ್ಮೊಬ್ರನ್ನ ಬಿಟ್ಟು ಎಲ್ಲರ ಕೈಯೂ ಊದ್ತಾ ಇದೆ. ಮೊನ್ನೆ ಒಬ್ಬ ಟೈಲರ್‌ಗೆ ಉಸಿರೇ ನಿಂತು ಹೋಗ್ತಿತ್ತು. ಏನು ಬೆರೆಸ್ತಾರೋ ಪುಣ್ಯಾತ್ಮರು."

ಅವನು ಮಡಿಸಿದ್ದ ಅಂಗಿಯ ತೋಳನ್ನು ಇಳಿಸಿದ. ಉಸಿರು ಕಟ್ಟುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಹೊರಗೆ ಬಂದು ಬೆಂಚಿನ ಮೇಲೆ ಕೂತ. ಅಕ್ಕನ ಪಕ್ಕದ ಖಾಲಿ ಕುರ್ಚಿಗೆ ತಾನು ನಡೆದುಹೋಗುತ್ತಿರುವುದು ಆ ಟೈಲರನ ಉಸಿರನ್ನು ತುಳಿದುಕೊಂಡು ಎಂಬುದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ನಿಂತಿತು.

ಅಲ್ಲಿಂದ ನೇರ ನಿರ್ದೇಶಕರ ಕೋಣೆಗೆ ಹೋದ.

"ಸಾರ್, ಬೆಕ್ಕುಗಳು ಚೆನ್ನಾಗೇ ಇವೆ. ವಾಸಿಯಾಗಿರೋದು ನಾನು. ಕದ್ದು ಮದ್ದು ತಗೊಂಡೆ."

"ವಾಸಿಯಾಗಿದೆ ಅಂತ ಅಳೆದೋರು ಯಾರು?"

"ಕೈ ನೋಡಿದ್ರೆ ಗೊತ್ತಾಗುತ್ತಲ್ಲ ಸಾರ್."

"ಹೇಗೆ ಗೊತ್ತಾಗುತ್ತೆ? ನಿಮ್ಮ ಕೈ ಪರೀಕ್ಷೆ ಮಾಡೋಕೆ ಬಲ ಗೊತ್ತಿರೋ ಸೀಸೆ ಬೇಕು. ಸೀಸೆ ಬಲ ಹೇಳೋದು ನಿಮ್ಮ ಕೈ. ನಿಮ್ಮ ಕೈ ಪ್ರಕಾರ ಈಗಿನ ಸೀಸೆ ಸರಿಯಾಗಿದೆ. ಸೀಸೆ ಸರಿಯಿದ್ದ ಮೇಲೆ ನಿಮ್ಮ ಕೈಯೂ ಸರಿ."

"ಜನರ ಕೈ ಊದ್ಕೋತಾ ಇದೆ, ಸಾರ್!"

"ಅವು ಅಳತೆಗೆ ಸೇರದ ಕೈಗಳು," ಎಂದು ನಿರ್ದೇಶಕರು ಕಡತ ತೆರೆದರು. "ಸ್ಕೇಲು ಅಂದ್ಮೇಲೆ ಸುಮ್ನೆ ಇರ್ಬೇಕು. ಅಭಿಪ್ರಾಯ ಹೇಳಬಾರದು."

ಅವನು ಆ ಕಡತವನ್ನು ಮುಚ್ಚಿ ಹೇಳಿದ: "ನಮ್ಮಕ್ಕನ ಮನೆ ಬೆಕ್ಕು ಒಂದ್ಸಲ ನನ್ನನ್ನ ಆಸ್ಪತ್ರೆಗೆ ಕಳಿಸಿತ್ತು. ಬನ್ನಿ, ಅದನ್ನೇ ತೊಡೆ ಮೇಲೆ ಕೂರಿಸ್ಕೋತೀನಿ. ಸತ್ತರೆ ನೀವು ಗೆದ್ರಿ."

ಸೊರಗಿದ ಬೆಕ್ಕೊಂದನ್ನು ಕಣ್ಣಾರೆ ನೋಡಿದ ಹಾಗಾಯಿತೆಂದು ನಿರ್ದೇಶಕರು ಹೊರಟೇಬಿಟ್ಟರು. ಇಷ್ಟು ವರ್ಷ ಬೆಕ್ಕಿನ ಸಂಸ್ಥೆ ನಡೆಸಿದರೂ ಬೆಕ್ಕಿದ್ದ ಮನೆಗೆ ಅವರು ಕಾಲಿಟ್ಟವರಲ್ಲ. ಚುಚ್ಚಮ್ಮ ಸೂಜಿಯ ಪೆಟ್ಟಿಗೆಯೊಂದಿಗೆ ಹಿಂದೆ ಬಂದಳು.

ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವನು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಉಸಿರು ಬಿಗಿಹಿಡಿದು ದಾಟಿದ. ಪಕ್ಕದ ಕುರ್ಚಿಯಲ್ಲಿ ಕೂತ. ಕೆನೆಹಾಲು ಕುಡಿದು ದಿಂಬಿನಂತಾಗಿದ್ದ ಸಾಹುಕಾರ ಅವನನ್ನು ಮೂಸಿ ನೋಡಿ, ಬಾಡಿಗೆ ವಸೂಲಿಗೆ ಬಂದವನ ಗತ್ತಿನಲ್ಲಿ ತೊಡೆಗೆ ಹಾರಿತು. ಅವನು ಹಿಡಿದಿದ್ದ ಉಸಿರನ್ನು ಬಿಟ್ಟ. ಮತ್ತೆ ಎಳೆದುಕೊಂಡ. ಗಾಳಿ ಸರಾಗವಾಗಿ ಒಳಗೆ ಹೋಯಿತು.

"ನೋಡಿದ್ರಾ!" ಎಂದರು ನಿರ್ದೇಶಕರು. "ಎಷ್ಟು ಸೊರಗಿದೆ ಪಾಪ ಈ ಬೆ... ಬೆ... ಆಕ್ಷೀ!"

ಒಂದಕ್ಕೆ ನಿಲ್ಲಲಿಲ್ಲ. ಕನ್ನಡಕ ಹಾರಿತು. ಕಣ್ಣು ಟೊಮೇಟೊ ಆಯಿತು.

ಅಕ್ಕ ದಡಬಡಿಸಿ ಎದ್ದು ಸೀನು ಬಂದ ಕಡೆಗೆ ಕೈ ಚಾಚಿದಳು. "ಪುಟ್ಟಾ! ಒಳಗ್ಯಾಕೆ ಬಂದ್ಯೋ ಮುಂಡೇದೇ? ಸಾಯ್ತೀಯಾ, ನಡಿ ಆಚೆ!" ಎಂದು ನಿರ್ದೇಶಕರ ರಟ್ಟೆ ಹಿಡಿದು ಬಾಗಿಲಿಗೆ ನೂಕಿದಳು.

"ನಾನು ನಿಮ್ಮ ಪುಟ್ಟ ಅಲ್ಲ, ನಿರ್ದೇ... ಆಕ್ಷೀ!"

ಚುಚ್ಚಮ್ಮ ತಡಮಾಡಲಿಲ್ಲ. ಹೊಸ್ತಿಲಾಚೆ ನಿಲ್ಲಿಸಿ, ನಿರ್ದೇಶಕರ ಎಡಗೈಯ ಮೇಲೆ ಹೊಸ ಸೀಸೆಯ ಹನಿಯಿಟ್ಟು ಚುಚ್ಚಿದಳು. ದದ್ದು ಗುಂಡಿಯನ್ನು ದಾಟಿ, ಅಂಗೈಯಗಲ ಹರಡಿತು. ನಿರ್ದೇಶಕರು ಅದನ್ನು ನೋಡುತ್ತಾ ಮೊದಲ ಬಾರಿಗೆ ಬೆವರಿದರು. "ಸೀಸೆಗಳನ್ನೆಲ್ಲ ವಾಪಸ್ ತರಿಸಿ," ಎಂದರು. "ಈಗಲೇ."

"ತರಿಸೋಣ ಸಾರ್. ಎಂಥಾ ಚೆಂದದ ದದ್ದು! ಇನ್ಮೇಲೆ ಈ ಕೈಗೆ ಬಿಸಿಲು ತಾಗಿಸ್ಬೇಡಿ. ವಾಸಿ ಮಾಡ್ಕೊಳ್ಳೋ ಹಾಗೂ ಇಲ್ಲ," ಎಂದು ಚುಚ್ಚಮ್ಮ ಅವರ ತೋಳಿಗೆ ಶಾಲು ಹೊದಿಸಿ, ಗಾಜಿನ ಸಾಮಾನನ್ನು ಒಯ್ಯುವ ಹಾಗೆ ನಡೆಸಿಕೊಂಡು ಹೋದಳು.

"ಅಕ್ಕಾ, ನಾನಿಲ್ಲಿದೀನಿ," ಎಂದ ಅವನು.

ಅವಳು ತಿರುಗಿದಳು. ತಡವರಿಸುತ್ತಾ ಬಂದು ಅವನ ಎಡಗೈ ಹಿಡಿದು, ಸೂಜಿಯ ಸಣ್ಣ ಗುರುತುಗಳ ಮೇಲೆಲ್ಲ ಬೆರಳಾಡಿಸಿದಳು. "ಗಾಜಿನಾಚೆ ಅಷ್ಟು ದೊಡ್ಡ ಬಾಯಿ ತೆರೀತಿದ್ದೆ. ದನಿ ಇಷ್ಟೇನಾ ನಿಂದು?"

ಅವನಿಗೆ ನಗು ಬಂತು. ಬೆಕ್ಕು ಗುರುಗುಟ್ಟುತ್ತಿತ್ತು. ಅಭ್ಯಾಸಬಲದಿಂದ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದ. ಅವಳಿಗೆ ಕಾಣುವುದಿಲ್ಲ ಎಂದು ನೆನಪಾಗಿ ಕೈ ಇಳಿಸಿದ.

"ಊಟ ಆಯ್ತಾ ಅಕ್ಕಾ?"

"ಎಲ್ಲಿ ಆಯ್ತು. ದಿನಾ ನೀನು ಹೋದ ಮೇಲೇ ನಾನು ಉಣ್ಣೋದು."

"ಆಯ್ತು ಅಂತ ತಲೆ ಆಡಿಸ್ತಿದ್ದೆ?"

"ಇಲ್ಲ ಅಂದಿದ್ರೆ, ಹೋಗಿ ಉಣ್ಣು ಅಂತ ನೀನು ಹೊರಟು ಬಿಡ್ತಿದ್ದೆ." ಅವಳು ಕುರ್ಚಿಯನ್ನು ತಡವಿ ಕೂತಳು. "ಇವತ್ತು ಎಷ್ಟೊತ್ತಿಗೆ ಹೋಗ್ತೀಯ?"

"ಹೋಗಲ್ಲ."

"ಹಾಗಾದ್ರೆ ನಾನು ಉಪವಾಸ ಸಾಯಬೇಕಾ? ಏಳು, ಎದ್ದು ತಟ್ಟೆ ಹಾಕು. ಸಾಹುಕಾರಂದೂ ಸೇರಿ ಮೂರು."