ಅಚೋಲಿ ಮಾತನಾಡಿದ ಹಳೆಯ ಕಂಪ್ಯೂಟರು

ಗುಲು ಪಟ್ಟಣದ ಒಂದು ಸಣ್ಣ ಕಚೇರಿಯಲ್ಲಿ ನಮೂಲಿ ಹಳೆಯ ಕಂಪ್ಯೂಟರಿನ ಮುಂದೆ ತಲೆ ಕೆರೆದುಕೊಳ್ಳುತ್ತ ಕೂತಿದ್ದಳು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆಂದು ಆ ಕಚೇರಿಯವರು ತಯಾರಿಸುತ್ತಿದ್ದದ್ದು ಮಕ್ಕಳ ಲಸಿಕೆಯ ವಿವರ ಬರೆದಿಡುವ ತಂತ್ರಾಂಶ. ಆ ಕೇಂದ್ರಗಳಲ್ಲಿರುವುದೆಲ್ಲ ಯಾರೋ ದಾನ ಕೊಟ್ಟ ಮುದಿ ಕಂಪ್ಯೂಟರುಗಳು, ಹೊಸ ಬ್ರೌಸರ್ ಅವುಗಳಲ್ಲಿ ಉಸಿರೇ ಎತ್ತುವುದಿಲ್ಲ. ಹಾಗಾಗಿ ಹಳೆಯ ಬ್ರೌಸರಿನಲ್ಲಿ, ಅದೂ ಆ ಸೀಮೆಯ ಅಚೋಲಿ ಭಾಷೆಯಲ್ಲಿ, ಎಲ್ಲ ಸರಿಯಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕಿತ್ತು.

"ಲಾನ್ಯೆರೊ, ಬಾರೇ ಇಲ್ಲಿ. ಭಾಷೆ ಬದಲಾಯಿಸು ಅಂದ್ರೆ ಎಲ್ಲಿ ಒತ್ತೋದು ಅಂತಾನೇ ಗೊತ್ತಾಗ್ತಿಲ್ಲ. ಕಂಪಾಲಾದವಳಿಗೆ ನಿಮ್ಮೂರಿನ ಕೆಲಸ ಕೊಟ್ರೆ ಹೀಗೇ ಆಗೋದು."

ಪಕ್ಕದ ಮೇಜಿನ ಲಾನ್ಯೆರೊ ಕೂಡಲೇ ಏಳಲಿಲ್ಲ. ಆ ಬ್ರೌಸರನ್ನು ಅಚೋಲಿಯಲ್ಲಿ ತೆರೆದು ಅವಳಿಗೆ ವರ್ಷಗಳಾಗಿದ್ದವು. ಕೊನೆಗೆ ಕುರ್ಚಿ ಎಳೆದುಕೊಂಡು ಕೂತಳು. ಭಾಷೆಯ ಕಡತ ಸೇರಿಸಿದಳು, ಒಳಗಿನ ಸೆಟ್ಟಿಂಗ್ ಪುಟ ತೆರೆದಳು, ಇಂಗ್ಲಿಷಿನ ಗುರುತು ಅಳಿಸಿ ಅಚೋಲಿಯದನ್ನು ಬರೆದಳು. ಬ್ರೌಸರ್ ಮುಚ್ಚಿ ಮತ್ತೆ ತೆರೆದದ್ದೇ ತಡ, ಮೇಲಿನ ಸಾಲೆಲ್ಲ ಅಚೋಲಿಯಾಯಿತು.

"ಅಯ್ಯೋ, ಇನ್ನು ನನ್ನ ಕಥೆ ಮುಗೀತು. ವಾಪಸ್ ಬರೋ ದಾರಿ ಆದ್ರೂ ಹೇಳಿಕೊಡು," ಎಂದು ನಮೂಲಿ ನಕ್ಕಳು.

ಲಾನ್ಯೆರೊಗೆ ನಗು ಬರಲಿಲ್ಲ. ಪರದೆಯ ಮೇಲಿನ ಆ ಅಚೋಲಿ ಮಾತುಗಳನ್ನು ಬರೆದವನು ಕೋಮಕೆಚ್.

ಯುದ್ಧ ನಿಂತು, ಜನ ನಿರಾಶ್ರಿತರ ಶಿಬಿರಗಳನ್ನು ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಮರಳಿದ ಮೇಲೆ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಒಂದಷ್ಟು ಹುಡುಗ ಹುಡುಗಿಯರು ಸೇರಿ ಬ್ರೌಸರನ್ನು ತಮ್ಮ ಭಾಷೆಗೆ ತರುತ್ತಿದ್ದರು. ಸಂಬಳವಿಲ್ಲ. ಊಟವೆಂದರೆ ಗೆಣಸು, ಅದಕ್ಕೆ ಹಚ್ಚಿಕೊಳ್ಳಲು ಎಳ್ಳು ಶೇಂಗಾ ಅರೆದ 'ಓದಿ' ಎಂಬ ಗೊಜ್ಜು. ಶಾಲೆಯ ಮೇಷ್ಟ್ರಾಗಿದ್ದ ಕೋಮಕೆಚ್ ಒಂದೊಂದು ಪದಕ್ಕೂ ಜಗಳಕ್ಕೆ ನಿಲ್ಲುತ್ತಿದ್ದ. ಜಗಳವಾಡುತ್ತಲೇ ಲಾನ್ಯೆರೊ ಅವನನ್ನು ಮೆಚ್ಚಿದಳು. ಎರಡೂ ಮನೆಯವರು ಕೂತು, ಮದುವೆಗೆ ಗಂಡಿನ ಕಡೆಯವರು ತೆರವಾಗಿ ಕೊಡುವ ದನಗಳ ಮಾತನ್ನೂ ಮುಗಿಸಿದ್ದರು.

ಕೊನೆಯ ಜಗಳವಾದದ್ದು ಅವನು ಕಂಪಾಲಾಕ್ಕೆ ಹೋಗಿದ್ದಾಗ, ಫೋನಿನಲ್ಲಿ. ಬರೆದದ್ದನ್ನು ಉಳಿಸುವ ಗುಂಡಿಗೆ ಏನೆನ್ನಬೇಕು? 'ಕಾನ್' ಎನ್ನೋಣ, ಎತ್ತಿಡು ಅಂದ ಹಾಗೆ, ಎಂದು ಇವಳು. 'ಗ್ವೋಕ್' ಎನ್ನಬೇಕು, ಕಾಪಾಡು ಅಂದ ಹಾಗೆ, ಎಂದು ಅವನು.

"ಕಾಪಾಡೋಕೆ ಅದೇನು ಕೂಸಾ ಮೇಷ್ಟ್ರೇ? ಬರೀ ಕಡತ."

"ಎಲ್ಲಾ ಸುಟ್ಟುಹೋದ ಊರು ಕಣೇ ನಮ್ದು. ಎತ್ತಿಟ್ಟಿದ್ದೆಲ್ಲ ಏನಾಯ್ತು ಅಂತ ನೋಡಿದ್ದೀವಲ್ಲ. ಇರ್ಲಿ, ಬಂದ್ಮೇಲೆ ತೀರ್ಮಾನ ಮಾಡೋಣ."

ಬರಲಿಲ್ಲ. ಕಂಪಾಲಾದಿಂದ ಅವನು ಬರುತ್ತಿದ್ದ ಬಸ್ಸು ಕರುಮಾ ಸೇತುವೆ ದಾಟಿದ ಮೇಲೆ ಮಗುಚಿಬಿತ್ತು. ಆಮೇಲೆ ಲಾನ್ಯೆರೊ ಆ ಕೋಣೆಯ ಕಡೆ ಕಾಲಿಡಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಚದುರಿದರು. ಆಗಿದ್ದಷ್ಟು ಕೆಲಸ ಬ್ರೌಸರಿನ ಆ ಆವೃತ್ತಿಯಲ್ಲಿ ಸೇರಿತು. ಆಗದೆ ಉಳಿದದ್ದು ಇಂಗ್ಲಿಷಿನಲ್ಲೇ ಉಳಿಯಿತು.

ಈಗ ಅವಳು ಒಂದೊಂದೇ ಪಟ್ಟಿ ಬಿಚ್ಚುತ್ತ ಹೋದಳು. ಅಚೋಲಿ, ಅಚೋಲಿ, ಅಚೋಲಿ. ಕಡತ ಉಳಿಸುವ ಜಾಗಕ್ಕೆ ಬಂದಾಗ ಇಂಗ್ಲಿಷ್ ಶುರುವಾಯಿತು. ಅಲ್ಲಿಂದಾಚೆಗೆ ಹೆಚ್ಚೇನೂ ಅಚೋಲಿಯಿರಲಿಲ್ಲ. ಅವಳ ಬೆರಳು ಗುಂಡಿಯ ಮೇಲೇ ನಿಂತಿತು.

"ಏನಾಯ್ತು?" ಎಂದಳು ನಮೂಲಿ.

"ಏನಿಲ್ಲ. ಇದನ್ನ ಬರೀತಿದ್ದೋನು ಇಲ್ಲಿಗೆ ಸತ್ತ."

ನಮೂಲಿ ಮತ್ತೆ ತಮಾಷೆ ಮಾಡಲಿಲ್ಲ.

ಮರುದಿನ ಹಳ್ಳಿಯ ಕೇಂದ್ರದಿಂದ ನರ್ಸ್ ಅಚೀರೊ ಬಂದು ತಂತ್ರಾಂಶ ಬಳಸಿ ನೋಡಿದಳು. ಪಟ್ಟಿಯ ಮಾತುಗಳನ್ನು ಗಟ್ಟಿಯಾಗಿ ಓದಿ, "ಎಷ್ಟು ಚೆನ್ನಾಗಿದೆ. ಯಾರ ಕೈಕೆಲಸ ಇದು?" ಎಂದಳು. ಲಾನ್ಯೆರೊ ಕೋಮಕೆಚನ ಹೆಸರು ಹೇಳಿದಳು, ಅಷ್ಟೆ. ಆಮೇಲೆ ಅಚೀರೊ ಒಂದು ಮಗುವಿನ ವಿವರ ತುಂಬಿ ಮುಂದೆ ಹೋದಾಗ ಬ್ರೌಸರಿನ ಎಚ್ಚರಿಕೆಯ ಮಾತು ಇಂಗ್ಲಿಷಿನಲ್ಲೂ ಅದರ ಗುಂಡಿಗಳು ಅಚೋಲಿಯಲ್ಲೂ ಬಂದವು. ಗಡಿಬಿಡಿಯಲ್ಲಿ ತಪ್ಪು ಗುಂಡಿ ಒತ್ತಿದಳು. ಬರೆದದ್ದೆಲ್ಲ ಮಾಯವಾಯಿತು.

"ಬೇಜಾರಾಗ್ಬೇಡಮ್ಮ," ಎಂದಳು ಅಚೀರೊ. "ಹೊರಗೆ ತಾಯಂದಿರು ಸಾಲಾಗಿ ನಿಂತಿರ್ತಾರೆ, ಮಕ್ಕಳು ಅಳ್ತಿರ್ತವೆ. ಅರ್ಧ ಅದು ಅರ್ಧ ಇದು ಅಂದ್ರೆ ನನ್ ಕೈಲಿ ತಪ್ಪಾಗುತ್ತೆ. ಒಂದೇ ಭಾಷೆ ಇರ್ಲಿ. ಇಂಗ್ಲಿಷೇ ಇರ್ಲಿ ಬೇಕಾದ್ರೆ."

ಅವಳು ಹೋದ ಮೇಲೆ ಕಚೇರಿಯ ಯಜಮಾನ ಓಚಿಟ್ಟಿ ಮೆಲ್ಲಗೆ ಕೇಳಿದ, "ಉಳಿದದ್ದನ್ನ ನೀನೇ ಬರೆದು ಮುಗಿಸೋಕಾಗುತ್ತಾ ತಂಗಿ? ಆ ಕಡತ ತಿದ್ದೋದು ನಿನಗೆ ಕಷ್ಟ ಅಲ್ಲ."

ಲಾನ್ಯೆರೊ ಕೂತಳು. ಮೊದಲ ಸಾಲೇ ಆ ಗುಂಡಿಯದು. 'ಕಾನ್' ಎಂದು ಬರೆದಳು. ಸತ್ತವನ ಬಾಯಿ ಮುಚ್ಚಿಸಿ ಗೆದ್ದ ಹಾಗಾಯಿತು. ಅಳಿಸಿ 'ಗ್ವೋಕ್' ಎಂದು ಬರೆದಳು. ಜಗಳ ಮುಗಿದುಹೋಯಿತು, ಇನ್ನು ಅವನು ಬರಬೇಕಾದ ಕಾರಣವೇ ಉಳಿಯಲಿಲ್ಲ ಅನ್ನಿಸಿತು. ಅದನ್ನೂ ಅಳಿಸಿದಳು. "ನನ್ನಿಂದಾಗಲ್ಲ ಅಣ್ಣಾ," ಎಂದಳು. ಪರೀಕ್ಷೆಯ ವರದಿಯಲ್ಲಿ, ಎಲ್ಲ ಕೇಂದ್ರಗಳಲ್ಲೂ ಬ್ರೌಸರಿನ ಭಾಷೆ ಇಂಗ್ಲಿಷಿಗೆ ಬದಲಾಯಿಸುವುದು ಒಳ್ಳೆಯದೆಂದು ತನ್ನ ಕೈಯಾರೆ ಬರೆದಳು.

ಆದರೆ ಭಾಷೆ ಬದಲಾಯಿಸುವ ಮೊದಲು ಕೋಮಕೆಚನ ತಾಯಿಯನ್ನು ಬಾಡಿಗೆಯ ಬೋಡಾ ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕರೆತಂದಳು. ಆ ಮುದುಕಿಗೆ ಬೈಬಲಿನ ಅಚೋಲಿ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ, ಬೆರಳಿಟ್ಟು ಓದಿದಳು. ಮೊದಲ ಪುಟಕ್ಕೆ ಹೋಗುವ ಗುಂಡಿಯ ಮೇಲೆ ಬೆರಳು ನಿಂತಿತು.

"ದೋಕ್ ಗಾಂಗ್. ಮನೆಗೆ ಹೋಗು," ಎಂದಳು. "ಯಾರಿಗೆ ಹೇಳಿದಾನೆ ಇದನ್ನ?"

"ನೋಡೋರಿಗೆಲ್ಲ, ಅಮ್ಮ."

"ತಾನು ಮಾತ್ರ ಬರಲಿಲ್ಲ."

ಮುದುಕಿ ಪರದೆಯನ್ನು ಹೊದ್ದ ಬಟ್ಟೆಯ ತುದಿಯಿಂದ ಒರೆಸಿದಳು, ಅದರ ಮೇಲೆ ಧೂಳೇನೂ ಇರಲಿಲ್ಲ. "ನೀನು ಇನ್ನೂ ಒಬ್ಬಳೇ ಇದ್ದೀಯಂತೆ. ನನ್ನ ಮಗನ ಹೆಸರಲ್ಲಿ ಬೇಡ ಮಗಳೇ. ನಾನು ಹೆತ್ತವಳು, ನಂಗೆ ಬೇರೆ ದಾರಿ ಇಲ್ಲ. ನಿನಗಿದೆ."

"ಗೊತ್ತು ಅಮ್ಮ. ಆದ್ರೆ ಆಗ್ತಿಲ್ಲ."

ಮುದುಕಿ ಅವಳ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಅವಳು ಪಕ್ಕದಲ್ಲಿ ಕೂತಿರುವಾಗಲೇ ಲಾನ್ಯೆರೊ ಭಾಷೆ ಬದಲಾಯಿಸಿದಳು. ಬ್ರೌಸರ್ ಮುಚ್ಚಿತು, ಮತ್ತೆ ತೆರೆಯಿತು. ಮುದುಕಿ ಬೆರಳು ಚಾಚಿ ಹುಡುಕಿದಳು.

"ಇದನ್ನ ನಂಗೆ ಓದೋಕೆ ಬರಲ್ಲ."

"ಬರಲ್ಲ, ಅಮ್ಮ."

"ಹಾಗಾದ್ರೆ ನಡಿ, ನನ್ನನ್ನ ಮನೆಗೆ ಬಿಟ್ಟು ಬಾ."

ಬಿಟ್ಟು ಬಂದಾಗ ಮಧ್ಯಾಹ್ನ. ನಮೂಲಿ ಚಹಾ ತಂದಿಟ್ಟು, ಕುಡಿ ಎಂದಳು. ಲೋಟ ಎತ್ತಿದ ಲಾನ್ಯೆರೊ ಅದನ್ನು ಹಾಗೇ ಕೆಳಗಿಟ್ಟು, ಮೇಜಿಗೆ ಹಣೆ ಹಚ್ಚಿ ಅತ್ತಳು. ಕೋಮಕೆಚ್ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.